ಬೆನ್ನಿಗೆ ಅಂಟಿಸುವ ಮಾತು

ಪರದೆಯ ಮೇಲೆ ಸೊಸೆಯ ಕೆನ್ನೆಗೆ ಮತ್ತೆ ಗಂಡನ ಏಟು ಬಿತ್ತು. ಸದ್ದಿಲ್ಲ. ಧಾರಾವಾಹಿಯ ಆ ಸೊಸೆಗೆ ದನಿ ಕೊಡುವ ಹುಡುಗಿ ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ತನಗೇ ಬಿದ್ದಂತೆ ಉಸಿರೆಳೆದುಕೊಂಡಳು. ನಟಿಸುವವಳಿಗೆ ಈ ಭಾಷೆ ಬಾರದು. ತುಟಿ ಅವಳದು, ಗಂಟಲು ಇವಳದು. ಇಬ್ಬರೂ ಒಬ್ಬರನ್ನೊಬ್ಬರು ಕಂಡಿದ್ದೇ ಇಲ್ಲ. ಆದರೂ ಕೆಲವು ಸಂಜೆ ಬಸ್ಸಿನ ಕಿಟಕಿ ಗಾಜಿನಲ್ಲಿ ತನ್ನ ಮುಖದ ಬದಲು ಆ ಮುಖವೇ ತೇಲಿ ಬಂದಂತೆ ಅನಿಸುವುದಿತ್ತು.

"ಬೆನ್ನು ತಿರುಗಿಸಿ ಹೋಗ್ತಾಳಲ್ಲ, ಅಲ್ಲಿ 'ತಪ್ಪು ನಂದೇ, ಕ್ಷಮಿಸಿಬಿಡಿ' ಅನ್ನು. ಅಳ್ತಾ." ಕಿವಿಯ ಹೆಡ್‌ಫೋನಿನೊಳಗೆ ನಿರ್ದೇಶಕರ ದನಿ.

"ಸರ್, ಅಲ್ಲಿ ಬಾಯಿ ಕಾಣೋದೇ ಇಲ್ವಲ್ಲ. ಅವಳು ಏನೂ ಅಂದಿಲ್ವೇನೋ."

"ಕಾಣ್ದಿದ್ರೇನೇ ಒಳ್ಳೇದು ತಾಯಿ. ಬೆನ್ನಿಗೆ ಏನು ಬೇಕಾದ್ರೂ ಅಂಟಿಸಬಹುದು."

ಗಾಜಿನಾಚೆ ಯಾರೋ ಕಿಸಕ್ಕನೆ ನಕ್ಕರು.

ಅವಳು ಬಾಯಿ ತೆರೆದಳು. ಯಾಕೋ ಅಜ್ಜಿ ನೆನಪಾದಳು. ಅಜ್ಜಿ ಟೀವಿ ನೋಡುವವಳಲ್ಲ. ಅಡುಗೆಮನೆಯಲ್ಲೇ ಕೂತು ಮೊಮ್ಮಗಳ ದನಿಯನ್ನಷ್ಟೇ ಕೇಳುತ್ತಾಳೆ. ನಿನ್ನೆ ಊಟಕ್ಕೆ ಬಡಿಸುತ್ತಾ ಕೇಳಿದ್ದಳು, "ಇವತ್ತೂ ಅವನ ಕಾಲಿಗೆ ಬಿದ್ಯೇನೇ?"

"ಅಯ್ಯೋ, ಅದು ನಾನಲ್ಲಜ್ಜಿ, ಧಾರಾವಾಹಿ."

"ಗಂಟಲು ನಿಂದೇ ತಾನೇ? ನನ್ನ ಕಥೇಲಿ ರಾಜಕುಮಾರಿ ಸಿಟ್ಟು ಬಂದ್ರೆ ಮೋಡ ಹತ್ತಿ ಹೊರಟೇಬಿಡ್ತಿದ್ಲು. ಅಷ್ಟೆಲ್ಲ ಕೇಳಿ ಬೆಳೆದೋಳು ನೀನು, ದಿನಾ ಕ್ಷಮಿಸಿ ಕ್ಷಮಿಸಿ ಅಂತೀಯ."

ಪರದೆಯ ಮೇಲೆ ಬೆನ್ನು ದೂರವಾಗುತ್ತಾ ಹೋಯಿತು. ಅವಳು ತೆರೆದಿದ್ದ ಬಾಯಿ ಮುಚ್ಚಿದಳು.

"ಏನಾಯ್ತು? ಗಂಟಲು ಕಟ್ಟಿದ್ಯಾ?"

"ಗಂಟಲು ಚೆನ್ನಾಗಿದೆ ಸರ್. ಈ ಮಾತು ಹೇಳಲ್ಲ."

ಹೇಳಿದ ಮೇಲೆ ಅವಳಿಗೇ ಬೆರಗಾಯಿತು. ಇದು ಯಾವ ಸೊಸೆಯ ದನಿಯೂ ಆಗಿರಲಿಲ್ಲ. ಎಷ್ಟೋ ವರ್ಷ ಜನಜಂಗುಳಿಯ ದೃಶ್ಯಗಳಿಗೆ ದನಿ ಕೊಡುವ ಗುಂಪಿನಲ್ಲಿ ಒಬ್ಬಳಾಗಿ ಕೂಗಿ ಕೂಗಿ, ಕೊನೆಗೆ ಸಿಕ್ಕಿದ್ದ ದೊಡ್ಡ ಪಾತ್ರ ಈ ಸೊಸೆಯದು.

"ಹೊರಗೆ ಬೆಂಚಿನ ಮೇಲೆ ಇನ್ನೊಬ್ಬಳು ಕಾಯ್ತಿದ್ದಾಳೆ. ಗೊತ್ತಲ್ಲ?"

"ಗೊತ್ತು ಸರ್."

ನಿರ್ದೇಶಕರು ನಿಟ್ಟುಸಿರಿಟ್ಟರು. "ಮುಕ್ಕಾಲು ಕಂತು ನಿನ್ನ ದನೀಲೇ ಆಗಿಹೋಗಿದೆ. ಸಂಜೆ ಪ್ರಸಾರ ಬೇರೆ. ಅಲ್ಲಿಗೆ ಬರೀ ಹೆಜ್ಜೆ ಸದ್ದು ಹಾಕಿ ಮುಗಿಸ್ತೀವಿ. ನಾಳೆಯಿಂದ ಅವಳೇ ಬರಲಿ."

ಸಂಜೆ ಅವಳು ಮನೆಗೆ ಬಂದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ನಡುಮನೆಯ ಟೀವಿಯಲ್ಲಿ ಏಟಿನ ಸದ್ದಾಯಿತು. ತಟ್ಟೆ ಒರೆಸುತ್ತಿದ್ದ ಅಜ್ಜಿಯ ಕೈ ನಿಂತಿತು. ಟೀವಿಯಿಂದ ಸೊಸೆಯ ಅಳು ಕೇಳಿಬರಲಿಲ್ಲ. ಹೆಜ್ಜೆಗಳು ಮಾತ್ರ, ಒಂದರ ಹಿಂದೊಂದು.

"ಏನೂ ಅನ್ಲಿಲ್ವೇನೇ?"

"ಇಲ್ಲಜ್ಜಿ."

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. ನಡುಮನೆಗೆ ಹೋಗಿ ಟೀವಿಯ ದನಿ ಏರಿಸಿದಳು. ಮನೆ ತುಂಬ ಯಾರೋ ನಡೆದುಹೋಗುವ ಸದ್ದು.