ಸುಧಾ ಹೊಲಿದ ಚೀಲ

ರೊಟ್ಟಿ ತಟ್ಟುತ್ತಿದ್ದೆ. ಹೆಂಚಿನ ಮೇಲೊಂದು, ಕೈಯಲ್ಲೊಂದು. ಸ್ಕೂಲಿಗೆಂದು ಹೊರಟು ಐದು ನಿಮಿಷವೂ ಆಗಿರಲಿಲ್ಲ, ಮಗಳು ರಾಧಾ ಚೀಲವನ್ನು ಎದೆಗೆ ಅವುಚಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಪುಸ್ತಕಗಳಿಂದ ಕೆಸರು ತೊಟ್ಟಿಕ್ಕುತ್ತಿತ್ತು.

"ಚೀಲದ ಕೈ ಕಿತ್ತೋಯ್ತು ಕಣವ್ವ."

ಹೆಂಚಿನ ಮೇಲಿದ್ದದ್ದು ಸೀದುಹೋಯಿತು.

ಆ ಚೀಲ ಹೊಲಿದವಳು ನನ್ನ ನಾದಿನಿ ಸುಧಾ. ಸಾಲಿಗ್ರಾಮದಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಮಕ್ಕಳಿಲ್ಲ. ಬೇಸಿಗೆ ರಜೆಗೆ ಹೋಗಿದ್ದ ರಾಧಾ ಬರುವಾಗ ಇದನ್ನು ತಂದಳು. ಹೊರಗೆ ದಪ್ಪ ಬಟ್ಟೆ, ನಡುವೆ ಹಳೇ ಕಂಬಳಿ, ಒಳಗೆ ಹೂವಿನ ಚಿತ್ರದ ಅಸ್ತರು. ಮೂರನ್ನೂ ಸೇರಿಸಿ ಚೌಕ ಚೌಕವಾಗಿ ಹೊಲಿಗೆ. ನಾನು ಹೊಲಿಯುವ ಕೌದಿಗೆ ಅಷ್ಟು ನೇರವಾದ ಗೆರೆ ಎಂದೂ ಬಂದಿಲ್ಲ. ಅವತ್ತಿನಿಂದ ರಾಧಾಳ ಬಾಯಲ್ಲಿ ಅತ್ತೆಯದೇ ಮಾತು. ಅತ್ತೆ ಎರಡು ಜಡೆ ಹಾಕುತ್ತಾರೆ, ಅತ್ತೆಯ ಸಾರು ಇದಕ್ಕಿಂತ ಚೆನ್ನ. ಒಂದು ದಿನ ಹೊಗೆಸೊಪ್ಪು ಕಟ್ಟುತ್ತಾ ಕೂತಿದ್ದಾಗ, "ಬರೋ ವರ್ಸ ಅಲ್ಲೇ ಸ್ಕೂಲ್‌ಗೆ ಓಯ್ತೀನಿ ಕಣವ್ವ" ಎಂದಳು.

"ನೋಡಾನ ಬುಡು" ಎಂದೆ. ಸೊಪ್ಪಿನ ಗಂಟನ್ನು ಜಗ್ಗಿ ಬಿಗಿದೆ.

ಮೊನ್ನೆ ಅವಳು ಬಚ್ಚಲಿಗೆ ಹೋದಾಗ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯ ಬುಡದ ಹೊಲಿಗೆಯನ್ನು ಬ್ಲೇಡಿನಿಂದ ಕುಯ್ದೆ. ಎರಡೇ ಎಳೆ ಬಿಟ್ಟೆ. ಮನೆಯಲ್ಲೇ ಕಿತ್ತುಬರುತ್ತದೆ, ನಾನು ಹೊಲಿದುಕೊಡುತ್ತೇನೆ, ಅದರಲ್ಲಿ ನನ್ನದೂ ನಾಲ್ಕು ಹೊಲಿಗೆ ಇರುತ್ತದೆ ಅಂದುಕೊಂಡಿದ್ದೆ. ರಸ್ತೆಯ ಕೆಸರು ನೆನಪಿಗೇ ಬರಲಿಲ್ಲ.

"ಮಿಷನ್ ಒಲಿಗೆ ಅಂದ್ರೆ ಅಷ್ಟೇಯ. ಕೊಡಿಲ್ಲಿ" ಎಂದು ಬಾಗಿಲಲ್ಲಿ ನಿಂತಿದ್ದ ರಾಧಾಳ ಕಡೆ ಕೈ ಚಾಚಿದೆ.

ಗೋಣಿ ಹೊಲಿಯುವ ದಬ್ಬಳಕ್ಕೆ ಸೊಪ್ಪು ಕಟ್ಟುವ ದಾರ ಪೋಣಿಸಿದೆ. ಮೂರು ಪದರ, ಮೇಲೆ ಚೀಲದ ಕೈಯ ಎರಡು ಮಡಿಕೆ. ಅಕ್ಕಿ ಅಳೆಯುವ ಸೇರಿನ ತಳದಿಂದ ಒತ್ತಿದರೂ ದಬ್ಬಳ ನಿಧಾನವಾಗಿ ಇಳಿಯಿತು. ಸುತ್ತ ಚೌಕ ಹೊಲಿದು, ನಡುವೆ ಅಡ್ಡಡ್ಡ ಎರಡು ಗೆರೆ ಹಾಕಿ, ಜಗ್ಗಿ ತೋರಿಸಿದೆ.

"ಇನ್ನ ನಿನ್ನೇ ಒಳೀಕೆ ಕೂರ್ಸುದ್ರೂ ಕಿತ್ತೋಗಕ್ಕಿಲ್ಲ."

ರಾಧಾ ನಗಲಿಲ್ಲ. ಹಳೇ ದಾರದ ಚೂರುಗಳನ್ನು ಒಂದೊಂದಾಗಿ ಆಯ್ದು ಅಂಗೈ ಮೇಲೆ ಸಾಲಾಗಿ ಇಟ್ಟುಕೊಂಡಿದ್ದಳು. ಸೊಪ್ಪಿನ ಕಾಲದಲ್ಲಿ ದಿನಾ ನನ್ನ ಪಕ್ಕ ಕೂತು ದಾರ ಕುಯ್ದುಕೊಡುವವಳು ಅವಳೇ. ತಾನಾಗಿ ಹರಿದ ದಾರ ಹೇಗಿರುತ್ತದೆ, ಬ್ಲೇಡು ತಾಗಿದ್ದು ಹೇಗಿರುತ್ತದೆ ಎಂದು ಒಂಬತ್ತು ವರ್ಷದ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಬೆಲ್ ಒಡೀತಾರೆ, ಓಗು ಮಗ."

ಹೋಗಲಿಲ್ಲ. ಅಂಗೈಯನ್ನು ಬಾಗಿಲ ಬೆಳಕಿಗೆ ಹಿಡಿದಳು.

"ಅತ್ತೆ ಮೂರು ಸಲ ಒಲ್ದಿದ್ರು, ನಾನೇ ನೋಡ್ದೆ. ಇವೆರಡು ದಾರ ಎಳೆ ಎಳೆ ಬುಟ್ಕಂಡವೆ. ಮಿಕ್ಕವೆಲ್ಲ ತುದಿ ನುಣ್ಣಗವೆ."

ನಾನು ಹೆಂಚಿಗೆ ಅಂಟಿದ ರೊಟ್ಟಿಯನ್ನು ಕೆರೆಯತೊಡಗಿದೆ.

"ಅವ್ವ, ನೀನೇ ಕುಯ್ದ್ಯಾ?"