ನಿಂತು ನೋಡುವ ಟಿಕೆಟ್

ಎಂಟನೆಯ ಪೊಟ್ಟಣಕ್ಕೆ ಗೊಜ್ಜವಲಕ್ಕಿ ಪುಡಿ ತುಂಬಿ, ತಕ್ಕಡಿಯ ಮುಳ್ಳು ನೂರರ ಗೆರೆ ದಾಟಿದ್ದು ಕಂಡು, ಕಾಂತಾಮಣಿ ಒಂದು ಚಮಚ ಪುಡಿಯನ್ನು ಮತ್ತೆ ಡಬ್ಬಿಗೆ ಸುರಿದಳು. ಕೆಂಪು ರಬ್ಬರ್ ಬ್ಯಾಂಡಿನ ಎಂಟು ಪೊಟ್ಟಣಗಳು ಅವಳವು. ಹಸಿರು ಬ್ಯಾಂಡಿನ ಎಂಟು ಗಂಡನವು, ಅವಕ್ಕೆ ಖಾರ ಕಡಿಮೆ. ಇದಕ್ಕೆ ಬಿಸಿನೀರೂ ಬೇಕಿಲ್ಲ. ತಣ್ಣೀರು ಕಲಸಿ ಕಾಲು ಗಂಟೆ ಮುಚ್ಚಿಟ್ಟರೆ ಸಾಕು. ವಿಯೆನ್ನಾದ ಬೀದಿ ನಲ್ಲಿಗಳಲ್ಲಿ ಬೆಟ್ಟದ ನೀರು ಬರುತ್ತದೆ, ಯಾರು ಬೇಕಾದರೂ ಹಿಡಿದು ಕುಡಿಯಬಹುದು ಎಂದು ಓದಿದ ದಿನವೇ ಅವಳಿಗೆ ಗೊಜ್ಜವಲಕ್ಕಿಯ ನೆನಪಾಗಿತ್ತು.

ಗೋಡೆ ಗಡಿಯಾರ ಮೂರು ಗಂಟೆ ತೋರಿಸುತ್ತಿತ್ತು. ಗುರುವಾರ. ಮಸ್ಕತ್ತಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗಂಡ ಗೋಪಾಲಕೃಷ್ಣನ ಆಫೀಸು ಐದಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಭಾನುವಾರ. ವಿಮಾನ ನಾಳೆ, ಶುಕ್ರವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ. ಅವನ ಪಾಸ್‌ಪೋರ್ಟು ಇನ್ನೂ ಕೈಗೆ ಬಂದಿರಲಿಲ್ಲ.

ಹದಿನೈದು ದಿನಗಳ ಹಿಂದೆ ಇಬ್ಬರ ಪಾಸ್‌ಪೋರ್ಟುಗಳೂ ವೀಸಾ ಅಂಟಿಸಿಕೊಂಡು ವಾಪಸಾಗಿದ್ದವು. ಮಾರನೆಯ ದಿನವೇ ಗೋಪಾಲಕೃಷ್ಣ, "ರೆಸಿಡೆನ್ಸ್ ರಿನ್ಯೂವಲ್‌ಗೆ ಆಫೀಸಲ್ಲಿ ಕೇಳ್ತಿದಾರೆ ಕಣೆ, ಎರಡು ದಿನದಲ್ಲಿ ಕೊಡ್ತಾರೆ" ಎಂದು ತನ್ನದನ್ನು ತೆಗೆದುಕೊಂಡು ಹೋಗಿದ್ದ. ಅಲ್ಲಿಂದ ಈಚೆಗೆ ದಿನಕ್ಕೊಂದು ಕಾರಣ. ಒಂದು ದಿನ ಇಮಿಗ್ರೇಷನ್ನಿನಲ್ಲಿ ಸಿಸ್ಟಂ ಡೌನ್. ಇನ್ನೊಂದು ದಿನ ಕಾಗದಪತ್ರ ನೋಡಿಕೊಳ್ಳುವ ಪಿ.ಆರ್.ಓ. ದೂರದ ಸಲಾಲಾಕ್ಕೆ ಹೋಗಿದ್ದಾನೆ. ಅವಳು ಮಧ್ಯಾಹ್ನ ಎರಡು ಸಲ ಫೋನು ಮಾಡಿದ್ದಳು. ಎರಡು ಸಲವೂ, "ಮೀಟಿಂಗಲ್ಲಿದೀನಿ, ಆಮೇಲೆ."

ಬ್ಯಾಗುಗಳು ಹಾಲಿನ ಸೋಫಾದ ಮೇಲಿದ್ದವು. ಬೆನ್ನಿಗೆ ಹಾಕಿಕೊಳ್ಳುವಂಥವು, ಎರಡೂ ಒಂದೇ ಬಣ್ಣ. ಅವುಗಳ ಪಕ್ಕದಲ್ಲಿ ಅವಳ ಇನ್ನೂರು ಪುಟದ ನೋಟ್‌ಬುಕ್. ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳು ಸಿಂಚನಾ ವಿಯೆನ್ನಾದ ಹಾಸ್ಟೆಲ್ಲೊಂದರಲ್ಲಿ ರೂಮು ಹುಡುಕಿ ಕೊಟ್ಟಿದ್ದಳು. ಉಳಿದದ್ದನ್ನೆಲ್ಲ ಕಾಂತಾಮಣಿಯೇ ಒಂದು ವರ್ಷ ಕೂತು ಬರೆದಿದ್ದಳು. ಶನಿವಾರವೇ ಬ್ರೆಡ್ಡು, ಟೊಮ್ಯಾಟೊ ತಂದಿಟ್ಟುಕೊಳ್ಳಬೇಕು, ಭಾನುವಾರ ಅಂಗಡಿ ತೆರೆಯುವುದಿಲ್ಲ. ಪ್ರವಾಸಿಗರ ಟ್ರಾಮ್ ಬೇಡ, ಊರಿನವರು ಓಡಾಡುವ ಒಂದನೆಯ ನಂಬರಿನ ಟ್ರಾಮ್ ಹತ್ತಿದರೆ ಅರಮನೆ, ಪಾರ್ಲಿಮೆಂಟು ಎಲ್ಲ ಕಿಟಕಿಯಿಂದಲೇ ಕಾಣುತ್ತದೆ. ಹೊಟ್ಟೆ ತುಂಬ ತಿಂದು ಮನಸ್ಸಿಗೆ ತೋಚಿದಷ್ಟು ಕೊಡಬಹುದಾದ ಒಂದು ಪಾಕಿಸ್ತಾನಿ ಊಟದಮನೆಯೂ ಇದೆ. ಅದನ್ನು ಓದಿ ಹೇಳಿದಾಗ ಗೋಪಾಲಕೃಷ್ಣ ನಕ್ಕಿದ್ದ. "ಇಲ್ಲಿ ರೂವಿಯಲ್ಲಿ ಇಪ್ಪತ್ತು ವರ್ಷ ಪಾಕಿಸ್ತಾನಿ ದಾಲ್ ತಿಂದು ಸಾಕಾಗಿ, ವಿಯೆನ್ನಾಗೆ ಹೋಗಿ ಅದನ್ನೇ ತಿನ್ನೋದಾ?"

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆಪೆರಾದ ಸಂಗತಿ. ಅಲ್ಲಿ ನಿಂತು ನೋಡುವವರಿಗೆ ಬೇರೆ ಟಿಕೆಟ್ ಇದೆ, ಒಂದು ಕಾಫಿಯ ಬೆಲೆಗೆ. ಆಟ ಶುರುವಾಗಲು ಒಂದೂವರೆ ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲಬೇಕು. ಒಳಗೆ ಹೋದ ಕೂಡಲೇ ಮುಂದಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿಟ್ಟರೆ ಆ ಜಾಗ ನಮ್ಮದು. ಹೊರಗೆ ತಿರುಗಾಡಿ ಬಂದರೂ ಯಾರೂ ಮುಟ್ಟುವುದಿಲ್ಲ. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿಗೆ ಕರ್ಚೀಫು ಎಸೆದು ಬೆಳೆದ ಅವಳಿಗೆ, ಇದೊಂದು ವಿದ್ಯೆ ತನಗೆ ಮೊದಲೇ ಬರುತ್ತದೆ ಅನ್ನಿಸಿತ್ತು. ಆ ದಿನವೇ ಹಮ್ರಿಯಾದ ಅಂಗಡಿಯಿಂದ ಎರಡು ಸ್ಕಾರ್ಫ್ ತಂದಳು. ತನಗೆ ಮೆರೂನ್, ಅವನಿಗೆ ಬೂದು.

"ಕಾಂತಕ್ಕಾ, ಬಾಗಿಲು ಹೀಗೆ ತೆರ್ದಿಟ್ಟಿದ್ದೀರಲ್ಲ ಮಾರಾಯ್ರೆ! ಯೂರೋಪಲ್ಲಿ ಹೀಗೆ ಇಟ್ರೆ ಬ್ಯಾಗೂ ಇಲ್ಲ, ನೀವೂ ಇಲ್ಲ."

ಮೇಲಿನ ಮಹಡಿಯ ಇಸಾಬೆಲ್ಲಾ. ಉಡುಪಿ ಕಡೆಯವಳು. ಅವಳ ಗಂಡ ಸಿರಿಲ್ ಗೋಪಾಲಕೃಷ್ಣನ ಕಂಪನಿಯಲ್ಲೇ ಇದ್ದ, ಜನವರಿಯವರೆಗೆ. ಇಸಾಬೆಲ್ಲಾ ಕೈಯಲ್ಲಿದ್ದ ಎರಡು ಬಟ್ಟೆ ಚೀಲಗಳನ್ನು ಎತ್ತಿ ತೋರಿಸಿದಳು. ಕುತ್ತಿಗೆಗೆ ಹಾಕಿ ಅಂಗಿಯೊಳಗೆ ಬಚ್ಚಿಡುವಂಥವು.

"ನಾವು ರೋಮಿಗೆ ಹೋಗುವಾಗ ತಗೊಂಡದ್ದು. ನಿಮ್ಗೊಂದು, ಗೋಪಾಲಣ್ಣನಿಗೊಂದು. ಪಾಸ್‌ಪೋರ್ಟು ಇದ್ರೊಳಗೆ ಹಾಕಿ, ಇಗರ್ಜಿಯಲ್ಲಿ ಸಹ ತೆಗೀಬೇಡಿ."

"ಹಾಕೋಕೆ ಪಾಸ್‌ಪೋರ್ಟೇ ಬಂದಿಲ್ವಲ್ಲ ಇಸಾಬೆಲ್ಲಾ. ಅವರದು ಇನ್ನೂ ಆಫೀಸಲ್ಲೇ ಇದೆ. ರಿನ್ಯೂವಲ್."

"ಇನ್ನೂವಾ?" ಇಸಾಬೆಲ್ಲಾ ಹುಬ್ಬೇರಿಸಿದಳು. "ಸಿರಿಲ್‌ದು ಎರಡೇ ದಿನದಲ್ಲಿ ಬಂದಿತ್ತಪ್ಪ. ಆ ಪಿ.ಆರ್.ಓ. ಬೈದ್ರೂ ನಗ್ತಾ ಕೊಟ್ಟು ಹೋಗುವ ಜನ." ಅಷ್ಟು ಹೇಳಿ ಮಾತು ಬದಲಿಸಲೆಂಬಂತೆ ಒಂದು ಚಿಟಿಕೆ ಗೊಜ್ಜವಲಕ್ಕಿ ಪುಡಿ ಬಾಯಿಗೆ ಹಾಕಿಕೊಂಡಳು. "ರಜೆಗೆ ಹೋಗ್ಲಿಕ್ಕೆ ಧೈರ್ಯ ಮಾಡಿದ್ರಲ್ಲ, ದೊಡ್ಡದು. ನಮ್ದು ಗೊತ್ತುಂಟಲ್ಲ ನಿಮ್ಗೆ? ರಜೆಗೆ ಊರಿಗೆ ಹೋದಾಗ, ತಂಗಿ ಮಗಳ ಮದುವೆಗೆ ಮೊದಲು ಎಣ್ಣೆ ಹಚ್ಚುವ ರೋಸ್ ದಿವಸ, ಸಿರಿಲಿನ ಕೈಯೆಲ್ಲ ಎಣ್ಣೆ. ಮೇಲ್ ಬಂತು, ಒತ್ತಿದ್ರೆ ಫೋನು ಓಪನ್ನೇ ಆಗುವುದಿಲ್ಲ. ಸಿರಿಲೂ ನಗಾಡ್ತಿದ್ರು. ಆಮೇಲೆ ಓಪನ್ ಆಯ್ತು, ಕೆಲಸದಿಂದ ತೆಗ್ದಿದ್ದಾರೆ ಅಂತ."

ತೈಲದ ಬೆಲೆ ಬಿದ್ದು ಇದು ಎರಡನೆಯ ವರ್ಷ. ಘಾಲಾದಲ್ಲಿದ್ದ ಗೋಪಾಲಕೃಷ್ಣನ ಆಫೀಸಿನಲ್ಲಿ ಜನವರಿಯಿಂದ ಒಂಬತ್ತು ಮಂದಿಯನ್ನು ತೆಗೆದಿದ್ದರು. ಅವರಲ್ಲಿ ಐವರು ರಜೆಯಲ್ಲಿದ್ದವರು. ಖಾಲಿ ಕುರ್ಚಿಯನ್ನು ತೆಗೆಯುವುದು ಸುಲಭವಂತೆ.

ಇಸಾಬೆಲ್ಲಾ ಹೋದ ಮೇಲೆ ಕಾಂತಾಮಣಿಗೆ ಸುಮ್ಮನೆ ಕೂರಲಾಗಲಿಲ್ಲ. ಬ್ಯಾಗಿನ ಅಳತೆ ನೋಡಿಬಿಡೋಣ ಎಂದುಕೊಂಡಳು. ಉದ್ದ ಐವತ್ತೈದು ಸೆಂಟಿಮೀಟರ್ ಮೀರಿದರೆ ವಿಮಾನದೊಳಗೆ ಬಿಡುವುದಿಲ್ಲ. ಹೊಲಿಗೆಯ ಟೇಪು ಸಿಗಲಿಲ್ಲ. ಬಾಲ್ಕನಿಯಲ್ಲಿ ಗಂಡನ ಟೂಲ್‌ಬಾಕ್ಸ್ ಇತ್ತು. ಅವಳು ಅದನ್ನು ಮುಟ್ಟಿದವಳಲ್ಲ. ಮೇಲಿನ ತಟ್ಟೆ ಎತ್ತಿದಳು. ಉಕ್ಕಿನ ಅಳತೆಪಟ್ಟಿ ಅಡಿಯಲ್ಲಿತ್ತು. ಅದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ನೀಲಿ ಪಾಸ್‌ಪೋರ್ಟು.

ಮೊದಲು ಅವಳಿಗೆ ಸಂತೋಷವೇ ಆಯಿತು. ಅಯ್ಯೋ ಮರೆತು ಇಲ್ಲೇ ಇಟ್ಟುಬಿಟ್ಟಿದ್ದಾರೆ, ಎಂದು ಫೋನಿಗೆ ಕೈ ಚಾಚಿಯೂ ಆಗಿತ್ತು. ಆಗ ಪುಟಗಳ ನಡುವೆ ಮಡಿಸಿಟ್ಟ ಕಾಗದ ಕಂಡಿತು. ಆಫೀಸಿನ ಫಾರಮ್ಮು. 'ಕೆಲಸದ ಒತ್ತಡದಿಂದಾಗಿ ನನ್ನ ರಜೆಯನ್ನು ರದ್ದುಪಡಿಸಬೇಕಾಗಿ ವಿನಂತಿ.' ಕೆಳಗೆ ಅವನ ಸಹಿ, ಮ್ಯಾನೇಜರನ ಸಹಿ. ತಾರೀಖು ಹನ್ನೆರಡು ದಿನಗಳ ಹಿಂದಿನದು.

ಅವಳು ಬಾಲ್ಕನಿಯ ನೆಲದ ಮೇಲೇ ಕೂತಳು. ಹನ್ನೆರಡು ದಿನ. ಆ ದಿನಗಳಲ್ಲಿ ಅವನು ಥರ್ಮಲ್ ಬನಿಯನ್ ಹಾಕಿ ನೋಡಿದ್ದ. ಹೊಸ ಶೂ ತೊಟ್ಟು ಹಾಲಿನಲ್ಲಿ ಎರಡು ಸುತ್ತು ನಡೆದು, "ಬಲಗಾಲು ಸ್ವಲ್ಪ ಟೈಟು" ಅಂದಿದ್ದ.

ಫೋನು ರಿಂಗಾಯಿತು. ಅವನೇ.

"ಕಾಂತಾ, ಈ ಪಿ.ಆರ್.ಓ. ಫೋನೇ ಎತ್ತುತ್ತಿಲ್ಲ ಕಣೆ. ಎಚ್.ಆರ್.ನಲ್ಲಿ ಕೂತಿದೀನಿ. ಏನ್ ಮಾಡ್ಲಿ ಹೇಳು?"

ಅವಳ ಎಡಗೈ ಬೆರಳು ವೀಸಾ ಪುಟದ ಮೇಲಿತ್ತು. ಅಲ್ಲಿ ಅವನ ಚಿಕ್ಕ ಫೋಟೋ, ಹೆದರಿದ ಕಣ್ಣುಗಳು.

"ಐದರವರೆಗೆ ನೋಡಿ," ಎಂದಳು.

"ಹೂಂ, ನೋಡ್ತೀನಿ. ನೀನು ಟೆನ್ಷನ್ ಮಾಡ್ಕೋಬೇಡ."

ಐದು ವರ್ಷಗಳ ಹಿಂದೆ, ಎಲ್ಲರ ಕೈಯಲ್ಲೂ ದುಡ್ಡು ಓಡಾಡುತ್ತಿದ್ದಾಗ, ಅವರು ಹನ್ನೊಂದು ದಿನಕ್ಕೆ ಏಳು ದೇಶದ ಟೂರ್ ಬಸ್ಸಿನಲ್ಲಿ ಯೂರೋಪ್ ನೋಡಿದ್ದರು. ಬಸ್ಸು ತಪ್ಪೀತೆಂದು ಗೋಪಾಲಕೃಷ್ಣ ಪ್ರತಿ ಊರಿನಲ್ಲೂ ಮೊದಲು ಬಸ್ಸಿನ ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತಿದ್ದ. ವಿಯೆನ್ನಾದಲ್ಲಿ ಸಿಕ್ಕಿದ್ದು ಮೂರು ಗಂಟೆ, ಅದರಲ್ಲಿ ಒಂದು ಗಂಟೆ ಗುಜರಾತಿ ಊಟಕ್ಕೆ ಹೋಯಿತು. ಬಸ್ಸು ಹತ್ತುವಾಗ ಕಾಂತಾಮಣಿ ಒಬ್ಬ ಹೆಂಗಸನ್ನು ನೋಡಿದಳು. ಅರವತ್ತರ ಆಸುಪಾಸು. ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಶೂ ಬಿಚ್ಚಿಟ್ಟು, ಬೆನ್ನುಚೀಲಕ್ಕೆ ಒರಗಿ, ಸಣ್ಣ ಚಾಕುವಿನಿಂದ ಟೊಮ್ಯಾಟೊ ಕೊಯ್ದು ಬ್ರೆಡ್ಡಿನ ಮೇಲೆ ಇಟ್ಟುಕೊಂಡು ತಿನ್ನುತ್ತಿದ್ದಳು. ಯಾರಿಗೂ ಬಡಿಸುತ್ತಿರಲಿಲ್ಲ. ಯಾರನ್ನೂ ಕಾಯುತ್ತಿರಲಿಲ್ಲ. ಬಸ್ಸು ತಿರುಗುವವರೆಗೂ ಕಾಂತಾಮಣಿ ಕತ್ತು ಹೊರಳಿಸಿ ಅವಳನ್ನೇ ನೋಡಿದ್ದಳು. ಹನ್ನೆರಡು ವರ್ಷ ರಿಸೆಪ್ಷನಿಸ್ಟ್ ಆಗಿದ್ದ ಹಲ್ಲಿನ ಕ್ಲಿನಿಕ್ಕು ಹೋದ ವರ್ಷ ಮುಚ್ಚಿ, ಕೈಗೆ ಗ್ರ್ಯಾಚುಯಿಟಿ ಬಂದಾಗ, ಬಳೆ ಮಾಡಿಸು ಎಂದ ಗಂಡನಿಗೆ ಅವಳು ಹೇಳಿದ್ದು, "ಬೇಡ, ವಿಯೆನ್ನಾ."

ಅವನು ಆರಕ್ಕೆ ಬಂದ. ಕೈಯಲ್ಲಿ ಮಲಬಾರಿ ಹೋಟೆಲಿನ ಪರೋಟಾ ಪೊಟ್ಟಣ. ಶೂ ಬಿಚ್ಚುತ್ತ, ತಲೆ ಎತ್ತದೆ, "ಖಲಾಸ್, ಕಾಂತಾ. ಆಗಲಿಲ್ಲ" ಎಂದ.

"ಪಿ.ಆರ್.ಓ. ಸಿಗಲೇ ಇಲ್ವಾ?"

"ಸ್ವಿಚ್ ಆಫ್. ಮಸ್ಕತ್ತಿನಲ್ಲೇ ಇಲ್ವಂತೆ."

ಅವಳು ಪರೋಟಾ ತಟ್ಟೆಗೆ ಹಾಕಿದಳು. ಟೂಲ್‌ಬಾಕ್ಸು ಬಾಲ್ಕನಿಯಲ್ಲಿ ಎಂದಿನಂತೆ ಮುಚ್ಚಿತ್ತು, ಅದರೊಳಗಿನ ಪಾಸ್‌ಪೋರ್ಟೂ ಅಳತೆಪಟ್ಟಿಯೂ ಈಗ ಅವಳ ಬೀರುವಿನಲ್ಲಿದ್ದವು. ಹೇಳಲಿ, ಈಗಲಾದರೂ ಹೇಳಲಿ ಎಂದು ಎದುರಿಗೆ ಕೂತಳು.

"ರೀ, ಒಂದು ಮಾತು ಕೇಳ್ತೀನಿ. ನಿಮಗೆ ಹೋಗೋಕೆ ಭಯ ಏನಾದ್ರೂ ಇತ್ತಾ? ಸಿರಿಲ್ ಥರ ಆಗುತ್ತೆ ಅಂತ?"

ಅವನ ಕೈ ನಿಂತಿತು. ಕಿಟಕಿಯ ಕಡೆ ನೋಡಿದ. ಕೆಳಗೆ ಯಾರೋ ಕಾರಿನ ಹಾರ್ನ್ ಒತ್ತಿದರು. ಪರೋಟಾದ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿ ಹೇಳಿದ:

"ಭಯ? ನನಗ್ಯಾಕೆ ಭಯ? ಇಪ್ಪತ್ತೊಂದು ವರ್ಷದ ಸರ್ವೀಸು. ಪಾಸ್‌ಪೋರ್ಟು ಕೊಟ್ಟಿದ್ರೆ ಈಗ ಬ್ಯಾಗ್ ಎತ್ಕೊಂಡು ಹೊರಡ್ತಿದ್ದೆ."

"ಹಾಗಲ್ಲ. ಇದ್ರೆ ತಪ್ಪೇನಿಲ್ಲ ಅಂದೆ. ಹೇಳಬಹುದು."

"ಏನ್ ಹೇಳ್ಲಿ ಕಾಂತಾ? ಇಲ್ದೇ ಇರೋದನ್ನ ಏನ್ ಹೇಳ್ಲಿ?" ದನಿ ಏರಿತು, ತಕ್ಷಣ ಇಳಿಯಿತು. "ಮುಂದಿನ ವರ್ಷ ಹೋಗೋಣ. ವಿಯೆನ್ನಾ ಎಲ್ಲಿಗೂ ಓಡಿಹೋಗಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿಸಿಬಿಡೋಣ, ಎರಡೂ."

"ನಾನು ನೋಡ್ಕೋತೀನಿ ಬಿಡಿ."

ಅಷ್ಟು ಸಾಕಾಯಿತು ಅವನಿಗೆ. ಭುಜಗಳು ಸಡಿಲವಾದವು. ಎರಡನೆಯ ಪರೋಟಾ ಹರಿದ, ಮೂರನೆಯದನ್ನೂ ಹರಿದ. ಎಷ್ಟೋ ದಿನಗಳಿಂದ ಸರಿಯಾಗಿ ಉಣ್ಣದವನು ಹಸಿದು ತಿನ್ನುವುದನ್ನು ನೋಡಿ, ಕಟ್ಟಿಕೊಂಡಿದ್ದ ಕೋಪ ಅವಳಲ್ಲಿ ಎಲ್ಲೋ ಜಾರಿಹೋಯಿತು. ಭಯವಿದೆ ಎಂದಿದ್ದರೆ ಅವಳೂ ಉಳಿಯುತ್ತಿದ್ದಳೋ ಏನೋ. ಇಬ್ಬರೂ ಕೂತು ಹೆದರಬಹುದಿತ್ತು, ಗೊಜ್ಜವಲಕ್ಕಿ ಇಲ್ಲೇ ತಿನ್ನಬಹುದಿತ್ತು. ಆದರೆ ಅವನು ತನ್ನ ಭಯವನ್ನು ಟೂಲ್‌ಬಾಕ್ಸಿನಲ್ಲಿಟ್ಟು ಮುಚ್ಚಿದ್ದ. ಹನ್ನೆರಡು ದಿನ ಅವಳನ್ನು ಬ್ಯಾಗು ತುಂಬಲು ಬಿಟ್ಟಿದ್ದ. ತಾನು ಪಾಸ್‌ಪೋರ್ಟು ತಂದು ಎದುರಿಗಿಟ್ಟರೆ ಅವನು ಅಳಬಹುದು. ಅತ್ತರೆ ತಾನು ಸಮಾಧಾನ ಮಾಡಬೇಕು. ಆಮೇಲೆ ಹೋಗುವ ಮಾತೇ ಏಳುವುದಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳಿಗೆ ಇದಿಷ್ಟು ಗೊತ್ತಿತ್ತು.

ಸಂಜೆಯ ಮಗ್ರಿಬ್ ಬಾಂಗ್ ಮುಗಿದ ಮೇಲೆ ಅವನು ಎಂದಿನಂತೆ ವಾಕಿಂಗ್ ಹೊರಟ. ಬಾಗಿಲು ಮುಚ್ಚಿದ ಸದ್ದಾಯಿತು.

ಕಾಂತಾಮಣಿ ಮೊದಲು ಬ್ಯಾಗು ಅಳೆದಳು. ಐವತ್ತಮೂರು. ಪಾಸ್‌ಪೋರ್ಟನ್ನು, ಮಡಿಸಿದ ಫಾರಮ್ಮನ್ನು ಇದ್ದ ಹಾಗೇ ಕವರಿನಲ್ಲಿ ಹಾಕಿ, ಅಳತೆಪಟ್ಟಿಯನ್ನು ಅದರ ಮೇಲಿಟ್ಟು, ತಟ್ಟೆ ಕೂರಿಸಿ ಟೂಲ್‌ಬಾಕ್ಸು ಮುಚ್ಚಿದಳು. ಹಸಿರು ಬ್ಯಾಂಡಿನ ಎಂಟು ಪೊಟ್ಟಣಗಳನ್ನು ಅಡುಗೆಮನೆಯಲ್ಲಿ ಅವನ ಕಣ್ಣಿಗೆ ಬೀಳುವ ಶೆಲ್ಫಿನಲ್ಲಿ ಸಾಲಾಗಿ ಇಟ್ಟಳು. ಬೂದು ಸ್ಕಾರ್ಫನ್ನು ಬೀರುವಿಗೆ ಸೇರಿಸಿದಳು. ಇಸಾಬೆಲ್ಲಾ ಕೊಟ್ಟ ಒಂದು ಚೀಲಕ್ಕೆ ತನ್ನ ಪಾಸ್‌ಪೋರ್ಟು, ಟಿಕೆಟ್ಟಿನ ಪ್ರಿಂಟು, ಹಾಸ್ಟೆಲ್ಲಿನ ವಿಳಾಸ ಹಾಕಿದಳು. ನೋಟ್‌ಬುಕ್ಕಿನ ಪುಟಗಳಲ್ಲಿ ಎಲ್ಲ ಕಡೆ 'ನಾವು' ಎಂದಿತ್ತು. ತಿದ್ದಲು ಹೋಗಲಿಲ್ಲ, ಹಾಗೆಯೇ ತುರುಕಿದಳು.

ಫೋನಿನಲ್ಲಿ ಸಿಂಚನಾಳ ಮೆಸೇಜ್ ಬಂದಿತ್ತು: 'ಅಪ್ಪನ ಪಾಸ್‌ಪೋರ್ಟ್? ಎನಿ ನ್ಯೂಸ್?'

'ಬಂದಿಲ್ಲ' ಎಂದು ಬರೆದು ಕಳಿಸಿದಳು.

ಶುಕ್ರವಾರ ಅವನು ಎಂಟಕ್ಕೆ ಮೊದಲು ಏಳುವುದಿಲ್ಲ. ಆರಕ್ಕೆ ಕೆಳಗೆ ಮೇನ್ ರೋಡಿಗೆ ಹೋಗಿ ನಿಂತರೆ ಟ್ಯಾಕ್ಸಿ ಸಿಗುತ್ತದೆ. ಏರ್‌ಪೋರ್ಟಿನ ಒಳಗೆ ಹೋದ ಮೇಲೆ ಫೋನು ಮಾಡಿದರಾಯಿತು. ಏನು ಹೇಳಬೇಕೆಂದು ಅವಳು ಇನ್ನೂ ಯೋಚಿಸಿರಲಿಲ್ಲ. ಹೋಗುವುದನ್ನು ಮಾತ್ರ ಯೋಚಿಸಿಯಾಗಿತ್ತು.

ಮೆರೂನ್ ಸ್ಕಾರ್ಫನ್ನು ಸುತ್ತಿ ಬ್ಯಾಗಿನ ಮೇಲುಜೇಬಿಗೆ, ಕೈಗೆ ಬೇಗ ಸಿಗುವ ಹಾಗೆ ಇಟ್ಟು ಜಿಪ್ ಎಳೆಯುವಾಗ ಬಾಗಿಲಲ್ಲಿ ಕೀಲಿ ತಿರುಗಿತು. ಅವನು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು, ಸೋಫಾದ ಕಡೆ ನೋಡಿ, ಮೆಲ್ಲಗೆ ಕೇಳಿದ:

"ಬ್ಯಾಗ್ ಬಿಚ್ಚಿಟ್ಟೆಯಾ?"

"ನಿಮ್ಮದು ಬಿಚ್ಚಿಟ್ಟೆ," ಎಂದು ಕಾಂತಾಮಣಿ ಅವನಿಗೆ ನೀರು ತರಲು ಒಳಗೆ ಹೋದಳು.