ಕಾಕಂಬಿ ತುಂಬಿದ ಟ್ಯಾಂಕು

ನನ್ನನ್ನು ಕಟ್ಟಿದ್ದು ಗೋವೆಯ ಒಂದು ನದಿದಂಡೆಯಲ್ಲಿ. ಎಣ್ಣೆ ಸಾಗಿಸುವ ಪುಟ್ಟ ಹಡಗು ನಾನು, ಹೊಟ್ಟೆಯಲ್ಲಿ ಆರು ಟ್ಯಾಂಕು. ಕರಾವಳಿ ಹಿಡಿದು ಮಂಗಳೂರು, ಕಾರವಾರ, ಕೊಚ್ಚಿ ಎಂದು ಓಡಾಡಿದ್ದೇ ನನ್ನ ಬಾಳು. ದೊಡ್ಡ ಹಡಗುಗಳು ನನ್ನತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನೋಡದಿದ್ದರೆ ಬೇಡ, ನನಗೇನು!

ಹದಿನೆಂಟು ವರ್ಷ ಡೀಸೆಲ್ ಹೊತ್ತೆ. ಆಗ ನನ್ನ ಹೊಟ್ಟೆಯೆಂದರೆ ಎಲ್ಲರಿಗೂ ಭಯ. ಖಾಲಿ ಟ್ಯಾಂಕಿಗೆ ಗಾಳಿ ಊದಿ, ಮೀಟರ್ ಇಳಿಬಿಟ್ಟು, ಒಳಗೆ ಉಸಿರಾಡಬಹುದೇ ಎಂದು ನೋಡಿದ ಮೇಲೆಯೇ ತೊಳೆಯಲು ಇಳಿಯುತ್ತಿದ್ದರು. ಖಲಾಸಿಗಳ ಮುಖ್ಯಸ್ಥ, ಮರವಂತೆಯ ಸೆರಂಗ ಹೆರಿಯಣ್ಣನಂತೂ ಮೀಟರ್ ನೋಡದೆ ಇಳಿಯಲು ಹೊರಟವನ ಜನ್ಮ ಜಾಲಾಡುತ್ತಿದ್ದ.

ಮುದಿಯಾದಾಗ ನನ್ನನ್ನು ಮಾರಿದರು. ಹಳೆಯ ಆಳುಗಳೂ ಜತೆಗೇ ಬಂದರು. ಹೊಸ ಧಣಿ ಕಾಕಂಬಿ ತುಂಬಿಸಿದ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ ಅದು. ಡೆಕ್ಕಿನ ತುಂಬ ಬೆಲ್ಲದ ಪರಿಮಳ. ಮೀಟರ್ ಕಪಾಟು ಸೇರಿತು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಕೊಚ್ಚಿಯಲ್ಲಿ ಸರಕು ಇಳಿಸಿದ ಬೆಳಿಗ್ಗೆ, ಮೂರನೆಯ ಟ್ಯಾಂಕಿನ ತಳದಲ್ಲಿ ಅಂಟಿದ ಪಾಕ ಕೆರೆಯಲು ಹೆರಿಯಣ್ಣ ಏಣಿಗೆ ಕಾಲಿಟ್ಟ. ಪಂಪು ನೋಡಿಕೊಳ್ಳುವ ಭೋಜ ತಡೆದ. ಅವನು ಹೆರಿಯಣ್ಣನ ಹೆಂಡತಿಯ ತಮ್ಮ.

"ಬಾವ, ಮೀಟರ್ ಬಿಟ್ ಕಾಂಬ. ಹಾಂಗೇ ಇಳೂಕಾಗ."

"ಬೆಲ್ಲದ್ ನೀರಿಗೆ ಯಾರ್ ಸಾಯ್ತ್ರ್ ಮರಾಯಾ! ಬಾಲ್ದಿ ಕೊಡ್."

ಆ ಪಾಕ ವಾರದಿಂದ ಹುಳಿಯುತ್ತ ಒಳಗಿನ ಗಾಳಿಯನ್ನೇ ಕೆಡಿಸಿತ್ತು. ನನಗೆ ಗೊತ್ತಿತ್ತು, ನನ್ನದೇ ಹೊಟ್ಟೆಯಲ್ಲವೇ? ಹೇಳುವುದು ಹೇಗೆ? ಒಂಬತ್ತನೆಯ ಮೆಟ್ಟಿಲಲ್ಲಿ ಅವನ ಕೈ ಸಡಿಲಿತು. ಕೂಗಲೂ ಇಲ್ಲ, ಧೊಪ್ಪನೆ ಬಿದ್ದ. ನನ್ನ ಕಬ್ಬಿಣವೆಲ್ಲ ಝಲ್ಲೆಂದಿತು.

"ಬಾವಾ!" ಭೋಜ ಏಣಿಗೆ ಹಾರಿದ. ಕ್ಯಾಪ್ಟನ್ ಕುಟಿನ್ಹಾ ಅವನ ಸೊಂಟ ತಬ್ಬಿ ಹಿಂದಕ್ಕೆಳೆದರು.

"ನೀನೂ ಸಾಯ್ತೀಯಾ ಮಾರಾಯ? ಮಾಸ್ಕ್ ಬರ್ಲಿ, ನಿಲ್ಲು!"

ಭೋಜ ಒದ್ದ, ಕಚ್ಚಿದ. ಅವರು ಬಿಡಲಿಲ್ಲ. ಮಾಸ್ಕು, ಗಾಳಿಯ ಸಿಲಿಂಡರು ಎರಡೂ ಕಾಕಂಬಿಗೆ ಬೇಡವೆಂದು ಹಗ್ಗದ ರಾಶಿಯಡಿ ಸೇರಿದ್ದವು. ಎಳೆದು ತರುವಷ್ಟರಲ್ಲಿ ಹದಿನಾಲ್ಕು ನಿಮಿಷ ಕಳೆದಿತ್ತು.

ಮೇಲೆ ತಂದು ಮಲಗಿಸಿದಾಗ ಹೆರಿಯಣ್ಣನಿಗೆ ಉಸಿರಿರಲಿಲ್ಲ. ಮುಖದ ತುಂಬ ಪಾಕ. "ಅಕ್ಕನ ಹತ್ರ ನಾ ಎಂತ ಹೇಳೂದ್?" ಎನ್ನುತ್ತ ಭೋಜ ನೀರು ಸುರಿದು ಒರೆಸುತ್ತಲೇ ಇದ್ದ. ಡೀಸೆಲ್ ಹೊತ್ತಾಗ ಒಬ್ಬನನ್ನೂ ಕೊಲ್ಲದ ನಾನು, ಬೆಲ್ಲದ ಪರಿಮಳ ಬೀರುತ್ತ ಕೊಂದೆ.

ಈಗ ಅಳಿವೆಯ ಕೆಸರಿನಲ್ಲಿ ಒರಗಿ ಗುಜರಿಯವರಿಗಾಗಿ ಕಾಯುತ್ತಿದ್ದೇನೆ. ಆ ಬೆಳಗು ಇಂದಿಗೂ ಅರಗಿಲ್ಲ. ಆಮೇಲೆ ಮೂರು ವರ್ಷ ಭೋಜ ನನ್ನಲ್ಲೇ ದುಡಿದ. ಕ್ಯಾಪ್ಟನ್ ಜತೆ ಒಂದು ಮಾತೂ ಆಡಲಿಲ್ಲ. ಕೆಲಸ ಬಿಟ್ಟು ಇಳಿಯುವ ದಿನ ಮಾತ್ರ ಅವರ ಮುಂದೆ ಬಂದು ನಿಂತ.

"ಅಕ್ಕ ಅವತ್ತೇ ಹೇಳಿದ್ಲ್ ಸಾರ್, ಕ್ಯಾಪ್ಟನ್ ಒಬ್ಬನ್ನಾರೂ ಉಳ್ಸಿ ಕಳ್ಸಿದ್ರಲೆ ಅಂದ್ಹೇಳಿ. ನಂಗೇ ಹೇಳೂಕ್ ಆಯ್ಲಿಲ್ಲ."

ಕ್ಯಾಪ್ಟನ್ ನನ್ನ ಡೆಕ್ಕಿನ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಅತ್ತರು.